ಸಂಬಳದ ಚೀಟಿ ಇಲ್ಲದವರ ಮಾತು

ಪತ್ರ: ಕ್ಯಾಲಿಫೋರ್ನಿಯಾದ ಒಂದು ಸಮುದಾಯ ಆರೋಗ್ಯ ಕೇಂದ್ರದ ಕೌಂಟರಿನಲ್ಲಿ ಕೆಲಸ ಮಾಡುತ್ತೇನೆ. ಆದಾಯ ನೋಡಿ ಫೀಸು ಇಳಿಸುತ್ತೇವೆ. ದ್ರಾಕ್ಷಿ ಕೊಯ್ಲಿಗೆ ಬರುವವರು ಸಂಬಳದ ಚೀಟಿ ತರುವುದಿಲ್ಲ. ತಮ್ಮ ಸಂಪಾದನೆ ಇಷ್ಟು ಅಂತ ಬರೆದು ಸಹಿ ಹಾಕಿದರೆ ನಮ್ಮಲ್ಲಿ ಒಪ್ಪುತ್ತಾರೆ. ಇದು ದುರುಪಯೋಗ ಆಗಲ್ವಾ?
—ಒಬ್ಬ ಓದುಗರು

ಉತ್ತರ: ಸ್ವಲ್ಪ ಆಗುತ್ತದೆ. ಸರ್ಕಾರದ ದುಡ್ಡು, ಫೈಲಿನಲ್ಲಿ ಒಂದು ಕಾಗದ ಇರಲೇಬೇಕು. ನಿಮ್ಮ ಕಾಳಜಿ ದೊಡ್ಡದು, ಒಪ್ಪಿದೆ. ಆದರೆ ಅನುಮಾನ ಯಾರ ಮೇಲೆ ಬಂತು ನೋಡಿ!

ಅಲ್ಲಿನ ನಿಯಮ ಕೇಳುವುದು ಎರಡೇ: ಮನೆಯಲ್ಲಿ ಎಷ್ಟು ಜನ, ಆದಾಯ ಎಷ್ಟು. ಬಡತನ ರೇಖೆಯ ಒಳಗಿದ್ದರೆ ಪೂರ್ತಿ ರಿಯಾಯಿತಿ, ಇಲ್ಲವೇ ಹೆಸರಿಗಷ್ಟು ಫೀಸು. ಅದರ ಎರಡರಷ್ಟು ಆದಾಯದವರೆಗೆ ಹಂತ ಹಂತವಾಗಿ ರಿಯಾಯಿತಿ ಕಡಿಮೆಯಾಗುತ್ತದೆ. 2025ರಲ್ಲಿ ನಾಲ್ವರ ಕುಟುಂಬಕ್ಕೆ ಆ ರೇಖೆ ವರ್ಷಕ್ಕೆ 32,150 ಡಾಲರ್. ಯಾವ ದಾಖಲೆ ಕೇಳಬೇಕೆಂದು ಕೇಂದ್ರವೇ ತೀರ್ಮಾನಿಸಬಹುದು. ಸ್ವಂತ ಘೋಷಣೆಗೂ ಅವಕಾಶ ಇದೆ. ಹಾಗಾಗಿ ನಿಮ್ಮವರು ಯಾರಿಗೂ ಕದ್ದು ಉಪಕಾರ ಮಾಡುತ್ತಿಲ್ಲ. ದಿನಗೂಲಿ ಕೈಗೆ ಎಣಿಸಿಕೊಡುವ ಮೇಸ್ತ್ರಿಯ ಹತ್ತಿರ ಹೋಗಿ ಪತ್ರ ಕೇಳಿದರೆ ನಾಳೆ ಕೆಲಸ ಇರುತ್ತಾ?

ನಿಮ್ಮ ಕೇಂದ್ರಗಳ ಹುಟ್ಟೇ ಹಾಗೆ. 1960ರ ದಶಕದಲ್ಲಿ ಮಿಸಿಸಿಪ್ಪಿಯ ಮೌಂಡ್ ಬಯೂನಲ್ಲಿ, ಇಂಥ ಕೇಂದ್ರಗಳನ್ನು ಶುರು ಮಾಡಿದವರಲ್ಲಿ ಒಬ್ಬರಾದ ಡಾ. ಜ್ಯಾಕ್ ಗೈಗರ್ ಹಸಿದ ಮಕ್ಕಳಿಗೆ ಔಷಧ ಚೀಟಿಯಲ್ಲಿ ಆಹಾರವನ್ನೇ ಬರೆದುಕೊಟ್ಟರು. ಅಂಗಡಿಯ ಬಿಲ್ಲು ಕೇಂದ್ರದ ಔಷಧದ ಲೆಕ್ಕಕ್ಕೆ ಹೋಯಿತು. ದುಡ್ಡು ಕೊಡುವ ಸರ್ಕಾರದವರು ತಕರಾರು ತೆಗೆದರು. ಅಪೌಷ್ಟಿಕತೆಗೆ ಪುಸ್ತಕದಲ್ಲಿರುವ ಮದ್ದು ಊಟವೇ ಅಂದರು ಡಾಕ್ಟರು. ಅಂಥವರ ಕೌಂಟರಿನಲ್ಲಿ ಕೂತಿದ್ದೀರಿ, ನನಗೆ ಹೊಟ್ಟೆಕಿಚ್ಚು.

ನಮ್ಮಲ್ಲಿ ಬನ್ನಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಎಪಿಎಲ್ ಆದರೆ ಪ್ಯಾಕೇಜಿನ ಶೇ. 30 ಮಾತ್ರ. ಇಷ್ಟು ವ್ಯತ್ಯಾಸವೂ ಒಂದು ರೇಷನ್ ಕಾರ್ಡಿನ ಮೇಲೆ ನಿಂತಿದೆ. ನಮ್ಮ ಬೀದಿಯಲ್ಲಿ ಹೂ ಮಾರುವ ಅಜ್ಜಿ ಆಸ್ಪತ್ರೆಯೊಂದಕ್ಕೆ ಸೇರಿದಾಗ ಕಾರ್ಡು ದೂರದ ಊರಿನಲ್ಲಿದ್ದ ಮಗನ ಹತ್ತಿರ ಇತ್ತು. ಹೂ ಕಟ್ಟಿ ಸವೆದ ಬೆರಳು, ಹೆಬ್ಬೆಟ್ಟು ಯಂತ್ರ ಹಿಡಿಯಲಿಲ್ಲ. ಆದಾಯ ಪ್ರಮಾಣಪತ್ರ ತನ್ನಿ ಅಂದರು. ನಾಡಕಚೇರಿಗೆ ಹೋದರೆ ಸರ್ವರ್ ಡೌನ್. ಕೈಗೆ ಡ್ರಿಪ್ ಹಾಕಿಸಿಕೊಂಡವಳು ತಾನು ಬಡವಿ ಅಂತ ಇನ್ನು ಹೇಗೆ ತೋರಿಸಬೇಕು?

ಅದೇ ಬೀದಿಯಲ್ಲಿ ಎರಡಂತಸ್ತಿನ ಮನೆಯವರೂ ಬಿಪಿಎಲ್. ಅವರ ಕಾಗದ ಮಾತ್ರ ಬಲು ಅಚ್ಚುಕಟ್ಟು. ಸೈಟಿನ ರಿಜಿಸ್ಟ್ರೇಷನ್‌ನಲ್ಲಿ ಅರ್ಧ ಬೆಲೆ ಬರೆಸುವವರ ಮಾತಿಗೆ ಮರು ಪ್ರಶ್ನೆ ಇಲ್ಲ. ಕಾಫಿ ತೋಟದ ಆದಾಯಕ್ಕೂ ಸುಮ್ನೆ ತಲೆಯಾಡಿಸುತ್ತೇವೆ. ಕೂಲಿಯವನು ಬಾಯಿ ಬಿಟ್ಟ ಕೂಡಲೇ ನಮಗೆಲ್ಲ ಆಡಿಟ್ ನೆನಪಾಗುತ್ತದೆ.

ನೀವು ಒಂದು ಕೆಲಸ ಮಾಡಿ. ಅರ್ಜಿ ಸ್ಪ್ಯಾನಿಷ್‌ನಲ್ಲೂ ಇದೆಯಾ ನೋಡಿ. ಮನೆಯ ಜನರ ಲೆಕ್ಕ ಸರಿಯಾಗಿ ಕೇಳಿ, ಅದನ್ನು ಹೇಳಲು ಮರೆಯುವವರೇ ಜಾಸ್ತಿ. ಸಹಿ, ತಾರೀಕು ಹಾಕಿಸಿ, ಫೈಲಿಗೆ ಸೇರಿಸಿ. ನಿಮ್ಮ ಕೇಂದ್ರ ಬರೆದಿಟ್ಟ ನಿಯಮದಂತೆ ನಡೆದಿದ್ದರೆ ಆಡಿಟ್‌ನವರಿಗೆ ನೀವು ಹೆದರಬೇಕಿಲ್ಲ.
—ಸಂ.