ಒಣಗಿದ ಗುಂಗುರು ಕೂದಲಿಗೆ ಮನೆಯಲ್ಲೇ ಏನು ಹಚ್ಚಬಹುದು?

ನೇರ ಮಾಡಿಸುವ ರಾಸಾಯನಿಕವನ್ನು ಬಿಟ್ಟಿದ್ದೀರಿ, ಬುಡದಿಂದ ಹುಟ್ಟುಗುಂಗುರು ಮತ್ತೆ ಬರುತ್ತಿದೆ, ಆದರೆ ದಿನವೂ ಎಣ್ಣೆ ಹಚ್ಚಿದರೂ ಕೂದಲು ಪೊರಕೆಯಂತೆಯೇ ಇದೆ ಎಂದಿದ್ದೀರಿ. ಮೊಟ್ಟೆ, ಮೇಯನೇಸ್, ಜೇನು, ಬೆಣ್ಣೆಹಣ್ಣು ಇವುಗಳಲ್ಲಿ ಯಾವುದನ್ನು ಹಚ್ಚಲಿ ಎಂಬುದು ನಿಮ್ಮ ಪ್ರಶ್ನೆ. ಸದ್ಯಕ್ಕೆ ಯಾವುದೂ ಬೇಡ. ಮೊದಲು ನೀರು ಹಚ್ಚಿ.

ನನ್ನದೂ ಬಿಗಿಯಾದ ಗುಂಗುರು ಕೂದಲೇ, ಹಾಗಾಗಿ ತಮಾಷೆಗೆ ಹೇಳುತ್ತಿಲ್ಲ. ಎಣ್ಣೆಯಲ್ಲಿ ಒಂದು ಹನಿ ನೀರೂ ಇರುವುದಿಲ್ಲ. ಎಳೆಗಳ ನಡುವಿನ ಉಜ್ಜಾಟವನ್ನು ತಗ್ಗಿಸುವುದು, ಒಳಗಿರುವ ತೇವ ಬೇಗ ಆರಿಹೋಗದಂತೆ ತಡೆಯುವುದು, ಇಷ್ಟೇ ಅದರ ಕೆಲಸ. ಒಣ ಕೂದಲಿಗೆ ಎಣ್ಣೆ ಹಚ್ಚಿದರೆ ಸಿಗುವುದು ಜಿಡ್ಡಾದ ಒಣ ಕೂದಲು. ನೇರ ಕೂದಲಿನವರಿಗೆ ಈ ತಾಪತ್ರಯ ಕಡಿಮೆ, ಏಕೆಂದರೆ ನೆತ್ತಿಯಲ್ಲಿ ಒಸರುವ ಜಿಡ್ಡು ಅವರ ಎಳೆಗುಂಟ ಸಲೀಸಾಗಿ ಕೆಳಗಿಳಿಯುತ್ತದೆ. ನಮ್ಮಲ್ಲಿ ಅದು ಮೊದಲ ಸುರುಳಿಗಳಲ್ಲೇ ನಿಂತುಬಿಡುತ್ತದೆ. ನೆತ್ತಿ ಜಿಡ್ಡು, ತುದಿ ಬರಡು. ಮೇಲಾಗಿ ಎಳೆಯ ಹೊರಪದರದಲ್ಲಿ ಮೀನಿನ ಮೈಮೇಲಿರುವಂಥ ಸಣ್ಣ ಹುರುಪೆಗಳಿರುತ್ತವೆ; ಎಳೆ ತಿರುಗುವ ಕಡೆಗಳಲ್ಲಿ ಅವು ತುಸು ಎದ್ದಿರುತ್ತವೆ, ಹೀರಿದ ನೀರು ಅಲ್ಲಿಂದ ಬೇಗ ಹೊರಟುಹೋಗುತ್ತದೆ.

ಆದ್ದರಿಂದ ಬೇಕಾದದ್ದು ನೀರನ್ನು ಹಿಡಿದಿಡುವ ವಸ್ತು. ಮನೆಯಲ್ಲಿ ಮಾಡಿಕೊಳ್ಳಬಹುದಾದವುಗಳಲ್ಲಿ ನಾನು ಕಣ್ಣು ಮುಚ್ಚಿ ಹೇಳುವುದು ಅಗಸೆ ಬೀಜದ ಲೋಳೆ. ಕಾಲು ಕಪ್ ಬೀಜಕ್ಕೆ ಎರಡು ಕಪ್ ನೀರು ಹಾಕಿ, ಮಧ್ಯಮ ಉರಿಯಲ್ಲಿ ಕೈಯಾಡಿಸುತ್ತಾ ಕುದಿಸಿ. ಬಿಟ್ಟರೆ ಬೀಜ ತಳ ಹಿಡಿಯುತ್ತದೆ. ಏಳೆಂಟು ನಿಮಿಷಕ್ಕೆ ಮೇಲೆ ಬಿಳಿ ನೊರೆ ಕಟ್ಟುತ್ತದೆ. ಆಗ ಚಮಚವನ್ನು ಎತ್ತಿ ನೋಡಿ. ನೀರು ಹನಿಹನಿಯಾಗಿ ಬೀಳುವುದನ್ನು ಬಿಟ್ಟು ನೂಲಿನಂತೆ ಇಳಿಯತೊಡಗಿದರೆ ತಕ್ಷಣ ಒಲೆ ಆರಿಸಿ. ಇನ್ನೂ ಎರಡು ನಿಮಿಷ ಇರಲಿ ಎಂದು ಬಿಟ್ಟರೆ ಬೀಜ ಮತ್ತು ಲೋಳೆ ಒಂದೇ ಮುದ್ದೆಯಾಗುತ್ತವೆ, ಆಮೇಲೆ ಎಷ್ಟು ಹಿಂಡಿದರೂ ಬೇರೆಯಾಗುವುದಿಲ್ಲ. ಸೋಸುವುದೂ ಬಿಸಿಯಿರುವಾಗಲೇ ಆಗಬೇಕು. ಹಳೆಯ ನೈಲಾನ್ ಕಾಲುಚೀಲವೊಂದನ್ನು ಚೆನ್ನಾಗಿ ತೊಳೆದು ಇದಕ್ಕೆಂದೇ ಇಟ್ಟುಕೊಳ್ಳಿ, ಜರಡಿಗಿಂತ ಅದೇ ವಾಸಿ.

ತಲೆ ತೊಳೆದ ಮೇಲೆ ಕೂದಲಿನಿಂದ ನೀರು ತೊಟ್ಟಿಕ್ಕುತ್ತಿರುವಾಗಲೇ ಇದನ್ನು ಹಚ್ಚಬೇಕು. ಕೂದಲನ್ನು ನಾಲ್ಕು ಭಾಗ ಮಾಡಿ, ಒಂದೊಂದರಲ್ಲೂ ಬೆರಳಾಡಿಸಿ ತುದಿಯವರೆಗೆ ಎಳೆಯಿರಿ. ಆರಿದಾಗ ಸ್ವಲ್ಪ ಗರಿಗರಿ ಎನಿಸುತ್ತದೆ. ಕೆಟ್ಟಿತು ಎಂದು ಗಾಬರಿಯಾಗಬೇಡಿ, ಅಂಗೈಗೆ ಎರಡು ಹನಿ ಎಣ್ಣೆ ಸವರಿಕೊಂಡು ಕೂದಲನ್ನು ಮೆಲ್ಲಗೆ ಹಿಸುಕಿದರೆ ಬಿಟ್ಟುಕೊಳ್ಳುತ್ತದೆ. ಉಳಿದ ಲೋಳೆಯನ್ನು ಫ್ರಿಜ್‌ನಲ್ಲಿ ಒಂದು ವಾರ ಇಡಬಹುದು. ನೀರಿರುವ, ಆದರೆ ಕೆಡದಂತೆ ತಡೆಯುವ ವಸ್ತುವಿಲ್ಲದ ಯಾವುದರಲ್ಲೂ ಬೂಷ್ಟು, ಬ್ಯಾಕ್ಟೀರಿಯಾ ಬೆಳೆಯುತ್ತವೆ. ಹುಳಿ ವಾಸನೆ ಬಂದರೆ ಅಥವಾ ತೆಳ್ಳಗಾದರೆ ಚೆಲ್ಲಿಬಿಡಿ. ಐಸ್ ತಟ್ಟೆಯಲ್ಲಿ ಗಟ್ಟಿ ಮಾಡಿಟ್ಟು ಬೇಕಾದಾಗ ಒಂದೊಂದೇ ತುಂಡು ಕರಗಿಸಿಕೊಳ್ಳುವುದು ಇನ್ನೂ ಒಳ್ಳೆಯದು.

ಬೆಂಡೆಕಾಯಿ, ನೆನೆಸಿದ ಮೆಂತ್ಯದ ಲೋಳೆಯೂ ಇದೇ ಜಾತಿಯವು. ಮೆಂತ್ಯದ ವಾಸನೆ ಮಾತ್ರ ಮರುದಿನವೂ ನಿಮ್ಮ ಜೊತೆಗೇ ಓಡಾಡುತ್ತದೆ, ತಿಳಿದಿರಲಿ. ಲೋಳೆಸರ ಬಳಸುವುದಾದರೆ ಎಲೆ ಕತ್ತರಿಸಿ ಸ್ವಲ್ಪ ಹೊತ್ತು ನೆಟ್ಟಗೆ ನಿಲ್ಲಿಸಿ. ಸಿಪ್ಪೆಯ ಕೆಳಗಿಂದ ಇಳಿಯುವ ಹಳದಿ ಹಾಲು ಕೆಲವರ ಚರ್ಮಕ್ಕೆ ಉರಿ ತರುತ್ತದೆ, ಅದು ಹೋಗಲಿ. ಗ್ಲಿಸರಿನ್ ಆದರೆ ಒಂದು ಪಾಲಿಗೆ ಕನಿಷ್ಠ ಹತ್ತು ಪಾಲು ನೀರು. ಗಾಳಿಯಲ್ಲಿ ಹದವಾದ ತೇವವಿರುವಾಗ ಅದು ಒಳ್ಳೆಯದು. ಒಣ ಹವೆಯಲ್ಲಿ ಕೂದಲಿನ ನೀರನ್ನೇ ಎಳೆದುಕೊಳ್ಳುತ್ತದೆ.

ಹಾಗಾದರೆ ಎಣ್ಣೆ ಬೇಡವೇ? ಬೇಕು, ಆದರೆ ಅದರ ಜಾಗದಲ್ಲಿ. ಕೊಬ್ಬರಿ ಎಣ್ಣೆಯಲ್ಲಿ ಹೆಚ್ಚಾಗಿರುವ ಲಾರಿಕ್ ಆಮ್ಲದ ಅಣು ಚಿಕ್ಕದು, ನೇರವಾದದ್ದು. ಅದಕ್ಕೇ ಈ ಎಣ್ಣೆ ಎಳೆಯೊಳಗೆ ಇಳಿಯುತ್ತದೆ. ತೊಳೆಯುವಾಗ ಕೂದಲಿನಿಂದ ಹೋಗುವ ಪ್ರೋಟೀನನ್ನು ಇದು ತಗ್ಗಿಸುತ್ತದೆ, ಸೂರ್ಯಕಾಂತಿ ಎಣ್ಣೆ ಮತ್ತು ಖನಿಜ ತೈಲ ತಗ್ಗಿಸುವುದಿಲ್ಲ ಎಂದು 2003ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಆದ್ದರಿಂದ ಇದನ್ನು ತಲೆ ತೊಳೆಯುವ ಮುಂಚೆ ಹಚ್ಚಿ. ಉಳಿದ ಎಣ್ಣೆಗಳು ಒದ್ದೆ ಕೂದಲಿನ ಮೇಲೆ, ಲೋಳೆಯ ನಂತರ, ಕೆಲವೇ ಹನಿ ಸಾಕು. ತಲೆಹೊಟ್ಟಿದ್ದರೆ ನೆತ್ತಿಗೆ ಎಣ್ಣೆ ಸೋಕಿಸಲೇಬೇಡಿ. ಹೊಟ್ಟಿಗೆ ಕಾರಣವಾಗುವ ಮಲಸೇಜಿಯಾ ಎಂಬ ಶಿಲೀಂಧ್ರಕ್ಕೆ ಕೊಬ್ಬಿನಾಮ್ಲಗಳೇ ಆಹಾರ.

ಇನ್ನು ನಿಮ್ಮ ಪಟ್ಟಿ. ಮೊಟ್ಟೆಯ ಪ್ರೋಟೀನ್ ಕೂದಲೊಳಗೆ ಹೋಗಲಾರದಷ್ಟು ದೊಡ್ಡದು, ತುಂಬಾ ಬಿಸಿಯಾದ ನೀರಿನಲ್ಲಿ ತೊಳೆದರೆ ತಲೆಯ ಮೇಲೆಯೇ ಬೇಯಬಹುದು. ಆ ಬಿಳಿ ಚೂರುಗಳನ್ನು ಸುರುಳಿಗಳಿಂದ ಹೆಕ್ಕುವ ಕಷ್ಟ ಯಾರಿಗೂ ಬೇಡ. ಮೇಯನೇಸ್‌ನಲ್ಲಿ ಕೆಲಸ ಮಾಡುವುದು ಅದರೊಳಗಿನ ಎಣ್ಣೆ, ಅದಕ್ಕೆ ಎಣ್ಣೆಯನ್ನೇ ಹಚ್ಚಬಹುದಲ್ಲ. ಬೆಣ್ಣೆಹಣ್ಣನ್ನು ಸೋಸದೆ ಹಚ್ಚಬೇಡಿ. ಜೇನಿಗೆ ನೀರು ಬೆರೆತಾಗ ಕೂದಲಿನ ಬಣ್ಣವನ್ನು ತಿಳಿಯಾಗಿಸಬಲ್ಲ ಹೈಡ್ರೋಜನ್ ಪೆರಾಕ್ಸೈಡ್ ತುಸು ಹುಟ್ಟುತ್ತದೆ, ಆದ್ದರಿಂದ ಒಂದು ಚಮಚವನ್ನು ಕಂಡೀಷನರ್‌ಗೆ ಬೆರೆಸಿ ಬೇಗ ತೊಳೆದುಬಿಡಿ. ನೀವು ಕೇಳದಿದ್ದರೂ ಹೇಳುತ್ತೇನೆ: ಅಡುಗೆ ಸೋಡಾ ಮತ್ತು ನಿಂಬೆರಸವನ್ನು ಹತ್ತಿರ ಸುಳಿಯಲು ಬಿಡಬೇಡಿ. ಸೋಡಾ ಕ್ಷಾರ, ಎಳೆಯ ಹೊರಪದರದ ಹುರುಪೆಗಳನ್ನು ಎಬ್ಬಿಸುತ್ತದೆ. ನಿಂಬೆರಸ ಹತ್ತಿದ ಚರ್ಮಕ್ಕೆ ಬಿಸಿಲು ಬಿದ್ದರೆ ಬೊಬ್ಬೆ ಏಳಬಹುದು.

ಕೂದಲು ನೀರನ್ನು ಎಷ್ಟು ಬೇಗ ಹೀರುತ್ತದೆ ಎಂದು ತಿಳಿಯಲು, ಲೋಟದ ನೀರಿನಲ್ಲಿ ಅದು ತೇಲುತ್ತದೆಯೇ ಮುಳುಗುತ್ತದೆಯೇ ಎಂದು ನೋಡುವ ಪರೀಕ್ಷೆಯನ್ನು ನಾನು ನಂಬುವುದಿಲ್ಲ. ಎಳೆಗೆ ಜಿಡ್ಡೋ ಗಾಳಿಗುಳ್ಳೆಯೋ ಅಂಟಿದ್ದರೆ ಸಾಕು, ತೇಲುತ್ತದೆ. ಅದರ ಬದಲು ತೊಳೆದು ಆರಿದ ಕೂದಲಿಗೆ ನೀರು ಸಿಂಪಡಿಸಿ. ಹನಿಗಳು ಮೇಲೆಯೇ ಕುಳಿತಿದ್ದರೆ, ಲೋಳೆ ಹಚ್ಚಿ ಬಿಸಿ ಟವೆಲ್ ಸುತ್ತಿ ಇಪ್ಪತ್ತು ನಿಮಿಷ ಇರಿ. ತಕ್ಷಣ ಹೀರಿ ಬೇಗ ಒಣಗಿದರೆ, ಲೋಳೆಯ ಮೇಲೆ ಶಿಯಾ ಬೆಣ್ಣೆಯಂಥ (ಶಿಯಾ ಮರದ ಬೀಜದಿಂದ ತೆಗೆಯುವ ಗಟ್ಟಿ ಕೊಬ್ಬು) ದಪ್ಪನೆಯದೇನಾದರೂ ಬೇಕು. ಎರಡರಲ್ಲೂ ರಾತ್ರಿಯಿಡೀ ಒದ್ದೆಯಾಗಿ ಇಡುವುದು ಬೇಡ. ಪದೇ ಪದೇ ಉಬ್ಬಿ ಕುಗ್ಗಿದರೆ ಎಳೆ ಸೋಲುತ್ತದೆ.

ಹಿಂದೆ ನೇರ ಮಾಡಿಸಿದ ಭಾಗಕ್ಕೆ ಇದರಿಂದ ಗುಂಗುರು ಮರಳುವುದಿಲ್ಲ. ಅಲ್ಲಿ ಕಡಿದುಹೋದ ಬಂಧಗಳನ್ನು ಯಾವ ಲೋಳೆಯೂ ಕೂಡಿಸದು. ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ, ಹೊಸದು ಹಳೆಯದಕ್ಕೆ ಸೇರುವ ಜಾಗವೇ ಎಲ್ಲಕ್ಕಿಂತ ದುರ್ಬಲ. ಅಲ್ಲಿ ಸಿಕ್ಕು ಬಿಡಿಸುವಾಗ ಕಂಡೀಷನರ್ ಹಚ್ಚಿ, ಒದ್ದೆಯಿರುವಾಗಲೇ, ಬೆರಳಿನಿಂದ ಶುರು ಮಾಡಿ, ಆಮೇಲೆ ಅಗಲ ಹಲ್ಲಿನ ಬಾಚಣಿಗೆ, ತುದಿಯಿಂದ ಮೇಲಕ್ಕೆ. ಎರಡು ಮೂರು ತಿಂಗಳಿಗೊಮ್ಮೆ ಹಳೆಯ ತುದಿಯನ್ನು ಸ್ವಲ್ಪ ಸ್ವಲ್ಪವೇ ಕತ್ತರಿಸುತ್ತಾ ಬನ್ನಿ. ನೆತ್ತಿಯಲ್ಲಿ ಹುಣ್ಣು, ಉರಿ, ಅಥವಾ ಬಿಲ್ಲೆಯಾಕಾರದಲ್ಲಿ ಕೂದಲು ಉದುರಿದ ಜಾಗ ಕಂಡರೆ ಮಾತ್ರ ಇವನ್ನೆಲ್ಲ ಬದಿಗಿಟ್ಟು ಚರ್ಮವೈದ್ಯರ ಬಳಿ ಹೋಗಿ.