ಚಳಿಗಾಲದ ಬೆಳಗ್ಗೆ ಟಾಸ್ ಗೆದ್ದರೆ ಏನು ಮಾಡೋದು?

ಪ್ರಶ್ನೆ: ಭಾನುವಾರ ಬೆಳಗ್ಗೆ ಏಳಕ್ಕೇ ಲೆದರ್ ಬಾಲ್ ಮ್ಯಾಚ್ ಆಡುತ್ತೇವೆ. ಟಿವಿಯಲ್ಲಿ ‘ಇಬ್ಬನಿ ಇದೆ, ಮೊದಲು ಬೌಲಿಂಗ್ ತಗೊಳ್ಳಿ’ ಅಂತಾರಲ್ಲ, ಹೋದ ವಾರ ಹಾಗೇ ಮಾಡಿದೆವು. ನಮ್ಮ ಸ್ಪಿನ್ನರ್ ಕೈಯಲ್ಲಿ ಚೆಂಡು ಸೋಪಿನ ಹಾಗೆ ಜಾರಿತು. ಸೋತೆವು. ಎಲ್ಲಿ ತಪ್ಪಿದೆವು?
– ವಿಜಯನಗರದ ಕ್ಯಾಪ್ಟನ್

ಉತ್ತರ: ಟಿವಿಯವರು ಹೇಳೋದು ರಾತ್ರಿ ಮ್ಯಾಚಿನ ಮಾತು. ನೀವು ಆಡಿದ್ದು ಬೆಳಗ್ಗೆ. ಎರಡಕ್ಕೂ ಲೆಕ್ಕ ತಿರುಗುಮುರುಗು.

ಸೂರ್ಯ ಮುಳುಗಿದ ಮೇಲೆ ನೆಲ ಬೇಗ ತಣ್ಣಗಾಗುತ್ತದೆ, ಹುಲ್ಲು ಗಾಳಿಗಿಂತ ಜಾಸ್ತಿ ತಣ್ಣಗಾಗಿ ಗಾಳಿಯ ತೇವ ಅದರ ಮೇಲೆ ಹನಿಯಾಗಿ ಕೂರುತ್ತದೆ. ರಾತ್ರಿ ಕಳೆದಂತೆ ಇಬ್ಬನಿ ಏರುತ್ತಲೇ ಹೋಗುವುದರಿಂದ ಒದ್ದೆ ಚೆಂಡು ಸಿಗುವುದು ಎರಡನೇ ಇನಿಂಗ್ಸ್‌ನಲ್ಲಿ ಬೌಲ್ ಮಾಡುವ ತಂಡಕ್ಕೆ. ಅವರ ಗೋಳು ನೋಡಿಯೇ 2025ರ ಐಪಿಎಲ್‌ನಲ್ಲಿ, ರಾತ್ರಿ ಪಂದ್ಯಗಳ ಎರಡನೇ ಇನಿಂಗ್ಸ್‌ನಲ್ಲಿ 10 ಓವರ್ ಆದ ಮೇಲೆ ಚೆಂಡು ಬದಲಿಸಿ ಅಂತ ಕೇಳೋಕೆ ಅವಕಾಶ ಕೊಟ್ಟರು. ನಿಮ್ಮ ಮ್ಯಾಚ್‌ನಲ್ಲಿ ಇಬ್ಬನಿ ಆಗಲೇ ಬಿದ್ದು ಮುಗಿದಿದೆ, ಬಿಸಿಲೇರಿದಂತೆ ಆರುತ್ತದೆ. ಮೊದಲು ಬೌಲ್ ಮಾಡಿದವರಿಗೇ ಪೆಟ್ಟು. ನಾನೂ ಒಂದು ಸಲ ಇದೇ ಗುಂಡಿಗೆ ಬಿದ್ದವನೇ, ಬಿಡಿ.

ಹಾಗಂತ ಯಾವಾಗಲೂ ಬ್ಯಾಟಿಂಗ್ ತಗೊಳ್ಳಿ ಅನ್ನಲ್ಲ. ಪಿಚ್‌ನಲ್ಲಿ ತೇವ ಇದ್ದರೆ ಮೊದಲ ಒಂದು ತಾಸು ಚೆಂಡು ಸೀಮ್ (ಹೊಲಿಗೆ) ಮೇಲೆ ಬಿದ್ದು ಅತ್ತಿತ್ತ ಹೋಗುತ್ತದೆ. ಒಳ್ಳೆಯ ವೇಗಿಗಳು ಇಬ್ಬರಿದ್ದರೆ ಬೌಲಿಂಗ್ ತಗೊಳ್ಳಿ. ನಿಮ್ಮ ಹಾಗೆ ಸ್ಪಿನ್ ನಂಬಿಕೊಂಡ ತಂಡವಾದರೆ ಬ್ಯಾಟ್ ಮಾಡಿ ಬಿಸಿಲಿಗೆ ಕಾಯೋದೇ ಮೇಲು. ಹಿಂದಿನ ರಾತ್ರಿ ಆಕಾಶವನ್ನೂ ನೋಡಿ: ಮೋಡ ಅಥವಾ ಜೋರು ಗಾಳಿ ಇದ್ದರೆ ಇಬ್ಬನಿ ಕಡಿಮೆ, ನಕ್ಷತ್ರ ಫಳಫಳ ಅಂತಿದ್ದರೆ ಬೆಳಗ್ಗೆ ಶೂ ಒದ್ದೆ ಆಗೋದು ಗ್ಯಾರಂಟಿ.

ಆಟಕ್ಕೆ ಮೊದಲು ಇಬ್ಬರು ಉದ್ದನೆ ಹಗ್ಗದ ಎರಡು ತುದಿ ಹಿಡಿದು ಔಟ್‌ಫೀಲ್ಡ್ ಮೇಲೆ ಎಳೆದುಕೊಂಡು ಹೋಗಿ, ಹನಿ ಸಾಕಷ್ಟು ಉದುರುತ್ತದೆ. ಚೆಂಡು ಒರೆಸೋಕೆ ಅಂಪೈರ್ ಒಪ್ಪಿದ ಟವೆಲ್ ಇಟ್ಟುಕೊಳ್ಳಿ. ಮಣ್ಣಿಗೆ ಉಜ್ಜುವ ಹಾಗಿಲ್ಲ. ನೆಟ್ಸ್‌ನಲ್ಲಿ ಸ್ಪಿನ್ನರ್‌ಗೆ ಬಕೆಟ್ ನೀರಲ್ಲಿ ಅದ್ದಿದ ಚೆಂಡು ಕೊಟ್ಟು ಬೌಲ್ ಮಾಡಿಸಿ, ಬೈದುಕೊಂಡೇ ಕಲಿಯುತ್ತಾರೆ.

ಪ್ರಶ್ನೆ: ವಯಸ್ಸು 41. ಬೆಳಗ್ಗೆ ಆರಕ್ಕೆ ಟರ್ಫ್‌ನಲ್ಲಿ ಫುಟ್‌ಬಾಲ್. ಡಿಸೆಂಬರ್ ಬಂತು ಅಂದರೆ ತೊಡೆಯ ಹಿಂಭಾಗ ಹಿಡಿದುಕೊಳ್ಳುತ್ತದೆ. 15 ಡಿಗ್ರಿಯೂ ಒಂದು ಚಳಿನಾ ಅಂತ ದೆಹಲಿ ಗೆಳೆಯ ನಗುತ್ತಾನೆ.
– ಮಾರತ್‌ಹಳ್ಳಿಯ ಓದುಗ

ಉತ್ತರ: ನಗಲಿ ಬಿಡಿ. ಹಾಸಿಗೆಯಿಂದ ಎದ್ದು, ರಿಂಗ್ ರೋಡ್‌ನಲ್ಲಿ ಬೈಕ್ ಮೇಲೆ ತಣ್ಣನೆ ಗಾಳಿ ಕುಡಿದು, ಇಳಿದ ತಕ್ಷಣ ಚೆಂಡಿನ ಹಿಂದೆ ಓಡಿದರೆ 41ರ ಸ್ನಾಯು ಸುಮ್ನೆ ಇರುತ್ತಾ? ಹತ್ತು ನಿಮಿಷ ನಿಧಾನವಾಗಿ ಓಡಿ, ಕಾಲು ಬೀಸಿ, ಮಂಡಿ ಎತ್ತಿ, ಆಮೇಲೆ ನಾಲ್ಕೈದು ಸಣ್ಣ ಓಟ. ಬಗ್ಗಿ ಕಾಲ್ಬೆರಳು ಹಿಡಿದು ನಿಲ್ಲೋದನ್ನು ಆಟ ಮುಗಿದ ಮೇಲಕ್ಕೆ ಇಟ್ಟುಕೊಳ್ಳಿ. ಜಾಕೆಟ್ ಬೆವರು ಬಂದ ಮೇಲೆ ತೆಗೆಯಿರಿ. ಚಳಿಯಲ್ಲಿ ಬಾಯಾರಿಕೆ ಗೊತ್ತಾಗಲ್ಲ, ನೀರು ಕುಡಿಯಲೇಬೇಕು. ಓಡುವಾಗ ಎದೆಯಲ್ಲಿ ಸಿಳ್ಳೆ ಹೊಡೆದ ಹಾಗಾದರೆ ಮಾತ್ರ ಡಾಕ್ಟರ್ ಹತ್ತಿರ ಹೋಗಿ. ತಣ್ಣನೆ ಒಣ ಗಾಳಿ ಆಸ್ತಮಾ ಕೆರಳಿಸುತ್ತದೆ.

ಪ್ರಶ್ನೆ: ಮಗಳನ್ನು ಮೊದಲ ಸಲ ಕಂಠೀರವ ಸ್ಟೇಡಿಯಂಗೆ ರಾತ್ರಿ ಫುಟ್‌ಬಾಲ್ ಮ್ಯಾಚ್‌ಗೆ ಕರೆದುಕೊಂಡು ಹೋಗ್ತಿದ್ದೀನಿ. ಏನು ತಯಾರಿ?
– ಬಸವನಗುಡಿಯ ಅಮ್ಮ

ಉತ್ತರ: ಮಧ್ಯಾಹ್ನ 27 ಡಿಗ್ರಿ ಬಿಸಿಲು ನೋಡಿ ಮೋಸಹೋಗಬೇಡಿ. ಡಿಸೆಂಬರ್‌ನಲ್ಲಿ ಆರಕ್ಕೆಲ್ಲ ಸೂರ್ಯ ಮುಳುಗುತ್ತಾನೆ, ಕೂತಲ್ಲೇ ಕೂತವರಿಗೆ ಆಡುವವರಿಗಿಂತ ಜಾಸ್ತಿ ಚಳಿ. ಸ್ವೆಟರ್, ಕಿವಿ ಮುಚ್ಚುವ ಟೋಪಿ, ಸೀಟಿನ ತೇವ ಒರೆಸೋಕೆ ಒಂದು ಹಳೇ ಬಟ್ಟೆ ಸಾಕು. ಅಂಗಳದ ಸುತ್ತ ಓಟದ ಟ್ರ್ಯಾಕ್ ಇರುವುದರಿಂದ ಆಟ ಸ್ವಲ್ಪ ದೂರ ಕಾಣುತ್ತದೆ, ಮಗುವಾದರೆ ಮೇಲಿನ ಸಾಲು ಹಿಡಿಯಿರಿ. ವಾಪಸ್ ಮೆಟ್ರೊದಲ್ಲಾದರೆ ಟಿಕೆಟ್ ಮೊದಲೇ ತೆಗೆದಿಟ್ಟುಕೊಳ್ಳಿ.