ಓದಾಕ ಬರತೈತಿ, ಅವಘಡ ಬ್ಯಾರೆ ಐತಿ

‘ನಿಮ್ಮ ಬೆಳಗಾವಿ ಕಡೆ ಮಕ್ಕಳಿಗೆ ಕನ್ನಡ ಓದೋಕೇ ಬರಲ್ವಂತೆ?’ ಎಂದು ಕೇಳಿದೆಯಲ್ಲ, ಓದಲು ಬರುತ್ತದಪ್ಪಾ. ಖಾನಾಪುರ, ನಿಪ್ಪಾಣಿ ಕಡೆಯ ಕನ್ನಡ ಶಾಲೆಗಳಲ್ಲಿ, ಮನೆಯಲ್ಲಿ ಮರಾಠಿ ಆಡುವ ಐದನೇ ಇಯತ್ತೆಯ ಮಕ್ಕಳು ಒಂದು ಒತ್ತಕ್ಷರ ತಪ್ಪದೆ ಪುಟ ಮುಗಿಸುತ್ತಾರೆ. ಓದಿದ್ದು ತಲೆಗೆ ಹೋಯಿತೋ ಇಲ್ಲವೋ, ಅದನ್ನು ಪತ್ತೆ ಹಚ್ಚುವುದೇ ಇಲ್ಲಿನ ದೊಡ್ಡ ಕೆಲಸ.

ಪಾಠದ ಕೆಳಗಿನ ಪ್ರಶ್ನೆಗಳಿಂದ ಅದು ಆಗದು. ‘ಗಿಬ್ಬನು ಟಪ್ಪಿಯಲ್ಲಿ ಮೊರಿದನು’ ಎಂದು ಅರ್ಥವಿಲ್ಲದ ಸಾಲೊಂದು ಬರೆದು, ಗಿಬ್ಬ ಎಲ್ಲಿ ಮೊರಿದ ಎಂದು ಕೇಳು. ‘ಟಪ್ಪಿಯಲ್ಲಿ’ ಅನ್ನುತ್ತೀಯ. ಪೂರ್ತಿ ಅಂಕ! ವಿಭಕ್ತಿಯೇ ಉತ್ತರ ಹೇಳಿಕೊಟ್ಟಿತು, ಅರ್ಥ ಬೇಕಾಗಲೇ ಇಲ್ಲ.

ಶೀರ್ಷಿಕೆ, ಚಿತ್ರ ನೋಡಿ ಊಹಿಸುವುದು, ನಾಲ್ಕೈದು ಸಾಲಿಗೊಮ್ಮೆ ನಿಲ್ಲುವುದು, ಇವೆಲ್ಲ ನಿಮ್ಮ ಕಡೆಯ ಶಾಲೆಗಳಲ್ಲಿರುವಂತೆಯೇ. ಗೊತ್ತಿಲ್ಲದ ಪದ ಬಂದರೆ ಮಕ್ಕಳು ಕೇಳುತ್ತಾರೆ. ಗೊತ್ತಿದೆ ಎನಿಸಿದ ಪದವೇ ನಮ್ಮ ತಲೆನೋವು. ಮರಾಠಿಯಲ್ಲಿ ‘ರಾಗ’ ಎಂದರೆ ಸಿಟ್ಟು. ‘ಅವಳ ರಾಗ ಎಲ್ಲರಿಗೂ ಹಿಡಿಸಿತು’ ಎಂಬಲ್ಲಿ ಮಗು ತಾನೇ ಎಡವುತ್ತದೆ, ಸಿಟ್ಟು ಯಾರಿಗೆ ಹಿಡಿಸೀತು? ಎಡವಿದರೆ ಒಳ್ಳೆಯದು, ತಿದ್ದಬಹುದು. ‘ಅವಘಡ’ ಹಾಗಲ್ಲ. ಮರಾಠಿಯಲ್ಲಿ ಅದು ‘ಕಠಿಣ’. ‘ಚೋರ್ಲಾ ಘಾಟಿನಲ್ಲಿ ಅವಘಡ, ಬಸ್ಸುಗಳು ಎರಡು ತಾಸು ನಿಂತವು.’ ಯಾಕೆ ನಿಂತವು? ‘ಅವಘಡ ರೀ ಸರ್.’ ಉತ್ತರ ಸರಿ, ಮುಂದಿನ ಪ್ರಶ್ನೆ. ಮಗುವಿನ ತಲೆಯಲ್ಲಿ ಮಾತ್ರ ಅಪಘಾತವೇ ಆಗಿಲ್ಲ. ಏರು ಹತ್ತಲಾರದೆ ಬಸ್ಸು ಏದುಸಿರು ಬಿಡುತ್ತಿದೆ. ಎಷ್ಟು ಚೆನ್ನಾಗಿ ಹೊಂದುತ್ತದೆ ನೋಡು!

ಪುಸ್ತಕ ಮುಚ್ಚಿಸಿ ‘ನಿಮ್ಮ ಮನಿ ಮಾತಿನ್ಯಾಗ ಹೇಳು’ ಎಂದಾಗಲೇ ಇದು ಹೊರಬೀಳುವುದು: ‘ಘಾಟ ಫಾರ ಅವಘಡ ಆಹೆ’, ಅಂದರೆ ಘಾಟಿ ಬಹಳ ಕಠಿಣ. ಆಗ ಬೋರ್ಡಿನ ಮೇಲೆ ಎರಡೂ ಅರ್ಥ ಬರೆದು, ಒಂದೊಂದನ್ನೇ ಸಾಲಿನೊಳಗೆ ಇಟ್ಟು, ಮುಂದಿನ ಸಾಲು ಯಾವುದಕ್ಕೆ ಒಪ್ಪುತ್ತದೆ ಎಂದು ಮಕ್ಕಳಿಂದಲೇ ನೋಡಿಸಬೇಕು. ಆ ಮುಂದಿನ ಸಾಲಿನಲ್ಲಿ ಗಾಯಗೊಂಡವರೋ ಆಸ್ಪತ್ರೆಯೋ ಇರುವ ಭಾಗವನ್ನೇ ಆರಿಸಿಕೊಳ್ಳಬೇಕು, ಇಲ್ಲದಿದ್ದರೆ ಎರಡೂ ಒಪ್ಪಿಬಿಡುತ್ತವೆ. ದಿನಕ್ಕೆ ಇಂಥ ಎರಡು ಪದ ಸಾಕು. ಐದು ಹಿಡಿದರೆ ಪಾಠ ಹೋಗಿ ನಿಘಂಟು ಉಳಿಯುತ್ತದೆ.

ಬರೆಯದೆ ಬಿಟ್ಟದ್ದನ್ನು ತಿಳಿಯುವುದು ಕಲಿಸಲು ‘ಅನುಮಾನ’ ಎಂಬ ಪದ ಬೇಡ. ಮರಾಠಿಯಲ್ಲಿ ಅದು ತರ್ಕ, ನಮ್ಮಲ್ಲಿ ಸಂಶಯ. ‘ಅಂದಾಜು’ ಎರಡೂ ಕಡೆ ನಡೆಯುತ್ತದೆ. ‘ಅಂದಾಜ ಹಚ್ಚು, ಯಾವ ಸಾಲ ನೋಡಿ ಹಚ್ಚಿದಿ ತೋರಸು.’ ಸಾಲು ತೋರಿಸದಿದ್ದರೆ ಸರಿಯುತ್ತರವನ್ನೂ ಒಪ್ಪಬಾರದು.

ಇಷ್ಟೆಲ್ಲ ನಡೆಯುವಾಗ ಬಾಗಿಲಲ್ಲಿ ನಿಂತ ಹೊರಗಿನವರ ಕಿವಿಗೆ ಬೀಳುವುದು ಮರಾಠಿ. ‘ಕನ್ನಡ ಶಾಲೆಯಲ್ಲಿ ಇದೇನು?’ 1956ರ ತನಕ ನಾವು ಮುಂಬಯಿ ರಾಜ್ಯದವರು, ಚಂದಗಡ ನಮ್ಮದೇ ಜಿಲ್ಲೆಯ ತಾಲ್ಲೂಕು. ರಾಜ್ಯಗಳ ಗೆರೆ ಎಳೆದಾಗ ಅದು ಆಚೆ, ಈಗಿನ ಮಹಾರಾಷ್ಟ್ರದ ಕಡೆಗೆ ಹೋಯಿತು. ಸೊಸೆಯಂದಿರು ಇನ್ನೂ ಅಲ್ಲಿಂದ ಬರುತ್ತಾರೆ, ಅವರ ಮಕ್ಕಳು ಇಲ್ಲಿ ಮೊದಲ ಬೆಂಚಿನಲ್ಲಿ ಕೂತು ಕನ್ನಡ ಕಲಿಯುತ್ತಾರೆ. ಇದು ಕನ್ನಡದ ಕೆಲಸ ಅಲ್ಲದೆ ಮತ್ತೇನು?

ಕನ್ನಡದ ಮನೆಯ ಮಕ್ಕಳಿಗೆ ಸಲೀಸು ಅಂದುಕೊಳ್ಳಬೇಡ. ಪುಸ್ತಕದ ಸೌದೆ ಇಲ್ಲಿ ಕಟಗಿ, ಪೊರಕೆ ಕಸಬರಿಗಿ, ಕಡಲೆಕಾಯಿ ಶೇಂಗಾ. ‘ಆಯಿ’ ಎಂದರೆ ಒಂದೇ ಬೆಂಚಿನಲ್ಲಿ ಒಬ್ಬನಿಗೆ ಅಜ್ಜಿ, ಪಕ್ಕದವನಿಗೆ ಅವ್ವ. ನಿನಗೆ ತಿಳಿಯಲೆಂದು ಈ ಉತ್ತರವನ್ನೂ ನಿನ್ನ ಪುಸ್ತಕದ ಕನ್ನಡದಲ್ಲೇ ಬರೆದಿದ್ದೇನೆ. ಇನ್ನು ನಮ್ಮ ಕನ್ನಡದ ಒಂದು ಸಾಲು ನಿನಗೆ: ‘ಮಾಡದಾಗ ಚಿಮಣಿ ಇಡು.’ ಏನು ತಿಳಿಯಿತು ಬರೆ, ಯಾವ ಪದ ನೋಡಿ ಅಂದಾಜು ಹಚ್ಚಿದೆ ಅದನ್ನೂ ಬರೆ.